ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಆಗದ ಕಾರು: ಅರ್ತ್ ಕೇಬಲ್, ಹೊಸ ಬ್ಯಾಟರಿ, ಗ್ಲೋ ಪ್ಲಗ್‌ಗಳ ಹೋಲಿಕೆ

ಉಡುಪಿಯಲ್ಲಿ ಡಿಸೆಂಬರ್–ಜನವರಿಯ ಮುಂಜಾವಿನ ತಾಪಮಾನ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ಚಳಿಗೆ ಸುಸ್ಥಿತಿಯಲ್ಲಿರುವ ಯಾವ ಕಾರೂ ತಡವರಿಸಬೇಕಾಗಿಲ್ಲ. ತಡವರಿಸಿತೆಂದರೆ ದೋಷ ಮೊದಲೇ ಒಳಗೆ ಬೆಳೆದಿತ್ತು, ಚಳಿ ಅದನ್ನು ಹೊರಗೆ ತಂದಿತು ಎಂದೇ ತಿಳಿಯಬೇಕು. ಕರಾವಳಿಯಲ್ಲಿ ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ಏಪ್ರಿಲ್–ಮೇ ತಿಂಗಳ ಸೆಖೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಲೆಡ್–ಆಸಿಡ್ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಕೇಬಲ್ಲುಗಳ ತುದಿಯನ್ನು ಹಾಳುಮಾಡುವುದು ಉಪ್ಪುಗಾಳಿ. ಹೀಗಾಗಿ ಶೀತಪ್ರದೇಶದವರು ಹೇಳುವ ಪರಿಹಾರಗಳನ್ನು ಅದೇ ಕ್ರಮದಲ್ಲಿ ಇಲ್ಲಿ ಅನುಸರಿಸುವುದು ಸರಿಯಲ್ಲ ಎಂಬುದು ನನ್ನ ಅನುಭವ.

ನನ್ನದು ಮಲ್ಪೆಯ ಮನೆಯಂಗಳದಲ್ಲಿ, ಕಡಲಿಗೆ ಹತ್ತಿರವಾಗಿ ನಿಲ್ಲುವ ಹಳೆಯ ಡೀಸೆಲ್ ಕಾರು. ಹೆಂಡತಿಯ ತವರು ಶೃಂಗೇರಿಯ ಕಡೆಯಾದ್ದರಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವುದು ಅದಕ್ಕೆ ಅಭ್ಯಾಸವಾಗಿದೆ. ಊರಿನಲ್ಲಿ ಹೇಗೋ ಸ್ಟಾರ್ಟ್ ಆಗುತ್ತಿದ್ದ ಕಾರು ಮಲೆನಾಡಿನ ಚಳಿಯಲ್ಲಿ ಸತಾಯಿಸತೊಡಗಿದಾಗ, ಗ್ಯಾರೇಜಿನವರೂ ನೆಂಟರೂ ಸೂಚಿಸಿದ ಪರಿಹಾರಗಳನ್ನು ಒಂದೊಂದಾಗಿ ಅದೇ ಕಾರಿನಲ್ಲಿ ಪರೀಕ್ಷಿಸಿದೆ. ಪ್ರತಿ ಹಂತದಲ್ಲೂ ಮಲ್ಟಿಮೀಟರ್ ಹಿಡಿದು ಅಳೆದದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಎಂದು ಹೇಳುವುದು ಸಾಧ್ಯವಾಗಿದೆ.

ಮೊದಲು ಗಮನಿಸಬೇಕಾದದ್ದು ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟಾರು, ತಿರುಗುವ ಬಗೆ. ಅದು ನರಳುತ್ತಾ ನಿಧಾನವಾಗಿ ತಿರುಗಿದರೆ ತೊಂದರೆ ವಿದ್ಯುತ್ತಿನ ಕಡೆಗಿದೆ. ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ, ಅಥವಾ ಹಿಡಿದ ಮೇಲೆ ಬಿಳಿ ಹೊಗೆ ಬಿಟ್ಟು ನಡುಗಿದರೆ, ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ನನ್ನ ಕಾರಿನಲ್ಲಿ ಆರಂಭದಲ್ಲಿದ್ದದ್ದು ಮೊದಲನೆಯ ಲಕ್ಷಣ. ಹೆಚ್ಚಿನವರು ಹೊಸ ಬ್ಯಾಟರಿ ಹಾಕಿಸಿ ಎಂದರು. ಆದಿಉಡುಪಿಯ ಆಟೊ ಇಲೆಕ್ಟ್ರೀಷಿಯನ್ ಒಬ್ಬರು ಮಾತ್ರ, "ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಅರ್ತ್ ನೋಡುವ ಸಾರ್" ಎಂದರು. ಅರ್ತ್ ಎಂದರೆ ಬ್ಯಾಟರಿಯ ನೆಗೆಟಿವ್ ಕಂಬವನ್ನು ಎಂಜಿನ್ನಿಗೂ ಕಾರಿನ ಲೋಹದ ಮೈಗೂ ಜೋಡಿಸುವ ಕೇಬಲ್. ಅವರ ಮಾತಿನಲ್ಲಿ ಹುರುಳಿತ್ತು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿತ್ತು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಇರಬೇಕಾದದ್ದು 12.6ರಿಂದ 12.7. ಸೆಲ್ಫ್ ಹೊಡೆಯುವಾಗಲೂ ಅದು 10 ವೋಲ್ಟಿಗಿಂತ ಕೆಳಗೆ ಇಳಿಯಲಿಲ್ಲ. ಬ್ಯಾಟರಿಯೇ ಸೋತಿದ್ದರೆ ಆ ಹೊತ್ತಿನಲ್ಲಿ ಅದು 9.6ಕ್ಕಿಂತ ಕೆಳಗೆ ಕುಸಿಯುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ ಸೆಲ್ಫ್ ಹೊಡೆಸಿದಾಗ 0.8 ವೋಲ್ಟ್ ಕಾಣಿಸಿತು. ಅಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು. ಸ್ಟಾರ್ಟರಿಗೆ ಸೇರಬೇಕಾದ ಶಕ್ತಿ ಹಸಿರುಗಟ್ಟಿದ ಕೇಬಲ್ ತುದಿಯಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಕೆಲವು ನೂರು ರೂಪಾಯಿಯ ಹೊಸ ಅರ್ತ್ ಕೇಬಲ್ ಹಾಕಿಸಿ, ಅದು ಕಾರಿನ ಲೋಹದ ಮೈಗೆ ಕೂರುವ ಜಾಗವನ್ನು ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದ ನಂತರ ಆ ಅಂಕಿ 0.1ಕ್ಕೆ ಇಳಿಯಿತು. ಸೆಲ್ಫಿನ ಸದ್ದೇ ಬದಲಾಯಿತು.

ಹೊಸ ಬ್ಯಾಟರಿಯ ಸರದಿ ಬಂದದ್ದು ಮುಂದಿನ ಬೇಸಗೆ ಕಳೆದ ಮೇಲೆ. ಈ ಸಲ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳಲ್ಲೇ ವೋಲ್ಟೇಜ್ 9.2ಕ್ಕೆ ಇಳಿಯುತ್ತಿತ್ತು, ಅರ್ತ್ ಮಾತ್ರ ಸರಿಯಾಗಿತ್ತು. ಹಾಗಾಗಿ ಹಲವು ಸಾವಿರದ ಖರ್ಚಿಗೆ ನಾನು ಹಿಂಜರಿಯಲಿಲ್ಲ. ಎರಡನ್ನೂ ಹೋಲಿಸಿದರೆ ಹೊಸ ಬ್ಯಾಟರಿಯಿಂದ ಸಿಕ್ಕ ಬಲ ಹೆಚ್ಚು ಎಂಬುದು ನಿಜ. ಆದರೆ ಹಳೆಯ ಕೇಬಲ್ಲಿನ ಮೇಲೆಯೇ ಅದನ್ನು ಕೂರಿಸಿದ್ದರೆ, ತುಂಬ ತೂತಿರುವ ಪೈಪಿಗೆ ದೊಡ್ಡ ಟ್ಯಾಂಕಿ ಜೋಡಿಸಿದಂತೆ ಆಗುತ್ತಿತ್ತು. ಬ್ಯಾಟರಿ ಕೊಳ್ಳುವಾಗ ಗಾತ್ರ, ಕಂಬಗಳ ದಿಕ್ಕು, ಕಂಪನಿ ನಿಗದಿಪಡಿಸಿದ ಆಂಪಿಯರ್–ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಇವುಗಳ ಜೊತೆಗೆ ತಯಾರಿಯ ತಿಂಗಳನ್ನೂ ನೋಡಬೇಕು. ಅಂಗಡಿಯಲ್ಲಿ ಬಹುಕಾಲ ಚಾರ್ಜ್ ಇಲ್ಲದೆ ಕುಳಿತ ಬ್ಯಾಟರಿಯ ಫಲಕಗಳಲ್ಲಿ ಸಲ್ಫೇಟ್ ಗಟ್ಟಿಯಾಗಿರುತ್ತದೆ.

ಇಷ್ಟಾದರೂ ಶೃಂಗೇರಿಯ ಕಡೆಯ ಬೆಳಗಿನಲ್ಲಿ ನಡುಕವೂ ಬಿಳಿ ಹೊಗೆಯೂ ಉಳಿದವು. ಅದು ಗ್ಲೋ ಪ್ಲಗ್‌ಗಳ ಕಡೆಗೆ ಬೊಟ್ಟು ಮಾಡುವ ಲಕ್ಷಣ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ; ಒತ್ತಿದ ಗಾಳಿಯ ಶಾಖಕ್ಕೇ ಇಂಧನ ಹೊತ್ತಿಕೊಳ್ಳಬೇಕು, ತಣ್ಣಗಿನ ಲೋಹ ಆ ಶಾಖವನ್ನು ಕದಿಯುವಾಗ ಗ್ಲೋ ಪ್ಲಗ್ ನೆರವಾಗುತ್ತದೆ. ಸರಿಯಿರುವ ಪ್ಲಗ್ಗಿನಲ್ಲಿ ರೋಧ ಒಂದು ಓಮ್‌ನ ಆಸುಪಾಸಿನಲ್ಲಿರುತ್ತದೆ, ಸುಟ್ಟುಹೋದದ್ದರಲ್ಲಿ ಸಂಪರ್ಕವೇ ಕಡಿದಿರುತ್ತದೆ. ನಾಲ್ಕರಲ್ಲಿ ಎರಡು ಹೀಗೆ ಕಡಿದಿದ್ದವು. ಬದಲಿಸಿದ ಮೇಲೆ ಘಾಟಿಯ ಮೇಲೆ ನಡುಕ ನಿಂತಿತು. ಮಲ್ಪೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಘಾಟಿ ಹತ್ತದೆ ಮಂಗಳೂರು–ಉಡುಪಿಯ ನಡುವೆಯೇ ಓಡಾಡುವವರು ಹೊಸ ಮಾದರಿಯ ಡೀಸೆಲ್ ಕಾರಿಗೆ ಈ ಖರ್ಚನ್ನು ಮೊದಲೇ ಮಾಡಬೇಕಿಲ್ಲ. ಈ ಕೆಲಸದಲ್ಲಿ ಅಪಾಯವೂ ಇದೆ: ಹಳೆಯ ಪ್ಲಗ್ ತುಕ್ಕು ಹಿಡಿದು ಹೆಡ್ಡಿನೊಳಗೆ ಕಚ್ಚಿಕೊಂಡಿದ್ದರೆ ಬಿಚ್ಚುವಾಗ ಮುರಿದುಹೋಗುತ್ತದೆ. ಎಂಜಿನ್ ಬೆಚ್ಚಗಿರುವಾಗ, ಎಣ್ಣೆ ಬಿಟ್ಟು, ಸಾವಕಾಶವಾಗಿ ತಿರುಗಿಸುವ ಮೆಕ್ಯಾನಿಕ್‌ಗೇ ಇದನ್ನು ಒಪ್ಪಿಸಬೇಕು.

ತೆಳುವಾದ ಎಂಜಿನ್ ಆಯಿಲ್ ಹಾಕಿಸುವ ಸಲಹೆಯಿಂದ ನಮಗೆ ಪ್ರಯೋಜನ ಅತ್ಯಲ್ಪ. ಅದಕ್ಕಿಂತ ದಪ್ಪನೆಯ 15ಡಬ್ಲ್ಯು ದರ್ಜೆಯ ಆಯಿಲಿನಲ್ಲೂ ಚಳಿಗೆ ಎಂಜಿನ್ ತಿರುಗುತ್ತದೆಯೇ ಎಂದು ಪರೀಕ್ಷಿಸುವುದೇ ಮೈನಸ್ 20 ಡಿಗ್ರಿಯಲ್ಲಿ. ನಮ್ಮ ಜಿಲ್ಲೆಗೂ ಆ ಚಳಿಗೂ ಸಂಬಂಧವಿಲ್ಲ. ಈಥರ್ ತುಂಬಿದ ಸ್ಟಾರ್ಟಿಂಗ್ ಸ್ಪ್ರೇಯನ್ನು ನಾನು ಪ್ರಯತ್ನಿಸಲಿಲ್ಲ, ಪ್ರಯತ್ನಿಸುವುದೂ ಇಲ್ಲ: ಕಾದ ಗ್ಲೋ ಪ್ಲಗ್ ಇರುವ ಎಂಜಿನ್ನಿನಲ್ಲಿ ಅದು ವೇಳೆಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಭಾವನ ಪೆಟ್ರೋಲ್ ಕಾರಿನ ಕಷ್ಟ ಬೇರೆ. ಕಾಪುವಿನ ಮನೆಯಲ್ಲಿ ಅದು ತಿಂಗಳುಗಟ್ಟಲೆ ನಿಂತಿರುತ್ತದೆ. ಲಾಕ್ ಮಾಡಿದ ಕಾರಿನ ಗಡಿಯಾರ, ಅಲಾರಂ, ಕಂಪ್ಯೂಟರುಗಳು 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್–ಅವರ್ ಖರ್ಚಾಗುತ್ತದೆ, ತಿಂಗಳಿಗೆ 36. ಅವರ 35 ಆಂಪಿಯರ್–ಅವರ್‌ನ ಬ್ಯಾಟರಿ ಪೂರ್ತಿ ಬರಿದಾಗಲು ಅಷ್ಟು ಸಾಕು. ಅಲ್ಲಿ ಲಿಥಿಯಂ ಜಂಪ್ ಸ್ಟಾರ್ಟರನ್ನೂ ಸ್ಮಾರ್ಟ್ ಚಾರ್ಜರನ್ನೂ ಪರೀಕ್ಷಿಸಿದೆವು. ಜಂಪ್ ಸ್ಟಾರ್ಟರ್ ಕ್ಷಣದಲ್ಲಿ ಎಂಜಿನ್ ಎಬ್ಬಿಸಿತು, ಆದರೆ ಬರಿದಾದ ಬ್ಯಾಟರಿಯನ್ನು ತುಂಬಲಿಲ್ಲ. ಪೇಟೆಗೆ ಹೋಗಿಬಂದ ಮರುದಿನ ಮತ್ತೆ ಅದನ್ನೇ ಹುಡುಕಬೇಕಾಯಿತು. ಬಿಸಿಲಿಗೆ ಕಾದ ಕಾರಿನೊಳಗೆ ಅದನ್ನು ಬಿಟ್ಟುಹೋಗುವುದೂ ಸುರಕ್ಷಿತವಲ್ಲ. ಚಾರ್ಜರ್ ಇಡೀ ರಾತ್ರಿ ತೆಗೆದುಕೊಂಡರೂ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿತು. ಇವೆರಡಕ್ಕಿಂತ ನನಗೆ ಮೆಚ್ಚುಗೆಯಾದದ್ದು ಊರು ಬಿಡುವ ಮುನ್ನ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು. ಅದಕ್ಕೆ ಖರ್ಚಿಲ್ಲ, ಬೇಕಾದದ್ದು ಒಂದು 10ರ ಸ್ಪ್ಯಾನರ್ ಅಷ್ಟೆ. ಗಡಿಯಾರದ ಸಮಯ ಅಳಿಸಿಹೋಗುತ್ತದೆ, ರಿಮೋಟ್ ಕೆಲಸ ಮಾಡದ ಕಾರಣ ಬಾಗಿಲನ್ನು ಕೀಲಿಯಿಂದಲೇ ತೆರೆಯಬೇಕಾಗುತ್ತದೆ. ಭಾವ ಈಗ ಹಾಗೆಯೇ ಮಾಡುತ್ತಾರೆ, ಚಾರ್ಜರ್ ನಮ್ಮ ಮನೆಯಲ್ಲಿದೆ.