ಹಳೆ ಜೀಪಿಗೆ ದೊಡ್ಡ ಇಂಜಿನ್ ಕೂರಿಸುವ ಮುಂಚೆ ಇದನ್ನು ಓದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಳೆ ಮಹೀಂದ್ರಾ ಎಂಎಂ 540 ಜೀಪ್ ಇಟ್ಟುಕೊಂಡು 'ಇದಕ್ಕೊಂದು ಸ್ಕಾರ್ಪಿಯೋ ಇಂಜಿನ್ ಹಾಕಿಸಿದರೆ ಹೇಗೆ' ಅಂತ ಲೆಕ್ಕ ಹಾಕುತ್ತಿರುವವರು ಬಹಳ ಜನ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಇಂಜಿನ್ ಕೂರುತ್ತದೆ, ಅದರ ಬಗ್ಗೆ ಅನುಮಾನವೇ ಬೇಡ. ತೊಂದರೆ ಶುರುವಾಗುವುದು ಅದರ ಹಿಂದೆ ಇರುವ ಸಾಮಾನಿನಲ್ಲಿ, ಆಮೇಲೆ ಕಾಗದಪತ್ರದಲ್ಲಿ.

ನನ್ನದು ಕೆಎ-25 ನಂಬರಿನ ಗಾಡಿ. ಕಂಪನಿಯಿಂದ ಬಂದದ್ದು ಪ್ಯೂಜೋ ಡೀಸೆಲ್ ಇಂಜಿನ್, 2112 ಸಿಸಿ, 62 ಎಚ್‌ಪಿ. ಸದ್ದು ಜಾಸ್ತಿ, ಹೊಗೆ ಜಾಸ್ತಿ, ದಾಂಡೇಲಿ ಕಡೆ ಹೊರಟರೆ ಏರಿನಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಅಷ್ಟೇ ತಕರಾರು. ನವಲಗುಂದ ಕಡೆ ಎರಿ ಹೊಲದಲ್ಲಿ ಮಾತ್ರ ಎಂದೂ ಕೈ ಕೊಟ್ಟಿರಲಿಲ್ಲ. ಹುಬ್ಬಳ್ಳಿಯ ಒಂದು ಗ್ಯಾರೇಜಿನವರು ಗುಜರಿಗೆ ಬಂದ ಸ್ಕಾರ್ಪಿಯೋದ ಎಂಹಾಕ್ ಇಂಜಿನ್ ತೋರಿಸಿದರು. 2179 ಸಿಸಿ, 120 ಎಚ್‌ಪಿ, 290 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಹಳೆ ಇಂಜಿನ್ ಕೊಡುತ್ತಿದ್ದ ಟಾರ್ಕ್ ಇದರ ಅರ್ಧವೂ ಇಲ್ಲ.

"ಗೇರ್‌ಬಾಕ್ಸ್ ತಡೀತೈತೇನ್ರೀ?" ಅಂತ ಕೇಳಿದೆ.

"ಏನೂ ಆಗಂಗಿಲ್ರೀ ಸಾಹೇಬ್ರ, ಜೀಪ್ ಅಂದ್ರ ಕಬ್ಬಿಣ. ನಾ ಅದೀನಲ್ಲ!"

ಈ 'ನಾ ಅದೀನಲ್ಲ' ಬಿಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಬಿಲ್ಲನ್ನೇ ಕೊಡಲಿಲ್ಲ ಬಿಡಿ.

ಸ್ಕಾರ್ಪಿಯೋದ ಗೇರ್‌ಬಾಕ್ಸ್ ಉದ್ದ. ನಮ್ಮ ಗಾಡಿ ಗಿಡ್ಡ. ಅದನ್ನೂ ಹಾಕಿದರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಜಾಗವೇ ಉಳಿಯುವುದಿಲ್ಲ, ಹಾಗಾಗಿ ಹಳೆ ಗೇರ್‌ಬಾಕ್ಸನ್ನೇ ಉಳಿಸಿಕೊಂಡು ಲೇತ್‌ನಲ್ಲಿ ಒಂದು ದಪ್ಪ ಪ್ಲೇಟ್ ಮಾಡಿಸಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂರಿಸಿದರು. ಆ ಪ್ಲೇಟ್ ಸೆಂಟರ್ ತಪ್ಪಬಾರದು. ಕೂದಲೆಳೆ ತಪ್ಪಿದರೂ ಇನ್‌ಪುಟ್ ಶಾಫ್ಟ್ ಓರೆಯಾಗಿ ತಿರುಗುತ್ತದೆ, ಬೇರಿಂಗ್ ತಿನ್ನುತ್ತದೆ, ಕ್ಲಚ್ ನಡುಗುತ್ತದೆ. ಡಯಲ್ ಗೇಜ್ ಇಟ್ಟು ನೋಡಬೇಕಾದ ಕೆಲಸ ಇದು. ಇವರು ಕಣ್ಣಳತೆಯಲ್ಲಿ ಮುಗಿಸಿದ್ದರು. ಕ್ಲಚ್ ಬಿಡುವಾಗ ಇಡೀ ಬಾಡಿ ಗಡಗಡ ಅನ್ನುತ್ತಿತ್ತು. ಕೇಳಿದರೆ "ಹೊಸಾದು ಐತಿ, ಸೆಟ್ ಆಗ್ತೈತಿ" ಅಂದರು.

ಟಾರ್ಕ್ ಇಂಜಿನ್‌ನಲ್ಲೇ ನಿಲ್ಲುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಎಷ್ಟಾಗುತ್ತದೆ ಅಂತ ಯಾರೂ ಕೂತು ಲೆಕ್ಕ ಹಾಕುವುದಿಲ್ಲ. ಫಸ್ಟ್ ಗೇರಿನಲ್ಲಿ ಅದು ಕೆಲವು ಪಟ್ಟು ಆಗುತ್ತದೆ, ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರ್) ಹಾಕಿದರೆ ಅದರ ಮೇಲೆ ಮತ್ತೆ ಸುಮಾರು ಎರಡೂವರೆ ಪಟ್ಟು, ಅಷ್ಟೂ ಹೋಗಿ ಬೀಳುವುದು ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್ ಮೇಲೆ ಮತ್ತು ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್ ಹಲ್ಲುಚಕ್ರಗಳ ಮೇಲೆ. ಇವೆಲ್ಲ 62 ಎಚ್‌ಪಿ ಲೆಕ್ಕದಲ್ಲಿ ಮಾಡಿದ ಸಾಮಾನು. ಡಾಂಬರು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಎರಿ ಮಣ್ಣಿನಲ್ಲಿ ಗೊತ್ತಾಗುತ್ತದೆ. ಮಳೆ ಬಿದ್ದ ಎರಿ ಟೈರಿಗೆ ಮೆತ್ತಿಕೊಂಡು ಚಕ್ರ ಸುಮ್ನೆ ತಿರುಗುತ್ತಿರುತ್ತದೆ, ಕೆಳಗೆ ಗಟ್ಟಿ ನೆಲ ಸಿಕ್ಕ ಕೂಡಲೇ ಒಮ್ಮೆಲೇ ಹಿಡಿಯುತ್ತದೆ. ಆ ಒಂದು ಏಟಿಗೆ ಮೊದಲು ಕ್ರಾಸ್ ಹೋಯಿತು. ಸರಿ, ಅದು ಸಣ್ಣ ಸಾಮಾನು, ಹಾಕಿಸಿಕೊಂಡೆ. ಅದೇ ಮಳೆಗಾಲದಲ್ಲಿ ಪಿನಿಯನ್ ಹಲ್ಲು ಮುರಿದು ಡಿಫರೆನ್ಷಿಯಲ್ ಒಳಗೆಲ್ಲ ತಿರುಗಿ ಬಂದವು. ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು.

ಇದಕ್ಕಿಂತ ಹೆಚ್ಚು ತಲೆ ತಿಂದದ್ದು ವೈರಿಂಗ್. ಹಳೆ ಪ್ಯೂಜೋಗೆ ಎಲೆಕ್ಟ್ರಾನಿಕ್ಸ್ ಅಂದರೇನು ಅಂತಲೇ ಗೊತ್ತಿಲ್ಲ, ತಳ್ಳಿ ಸ್ಟಾರ್ಟ್ ಮಾಡಿದರೂ ಓಡುತ್ತದೆ. ಎಂಹಾಕ್ ಕಾಮನ್ ರೇಲ್ ಇಂಜಿನ್, ಡೀಸೆಲ್ ಸಿಂಪಡಿಸುವುದನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅದಕ್ಕೆ ಇಸಿಯು, ಅಂದರೆ ಆ ಕಂಪ್ಯೂಟರ್ ಬೇಕು, ಅದೇ ಗಾಡಿಯ ಕೀ ಮತ್ತು ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್ ಬೇಕು, ಸೆನ್ಸರ್ ಇರುವ ಆಕ್ಸಿಲರೇಟರ್ ಪೆಡಲ್ ಬೇಕು, ಪೂರ್ತಿ ವೈರಿಂಗ್ ಕಿಟ್ ಬೇಕು. ಗುಜರಿಯವರು ಇಂಜಿನ್ ಇಳಿಸುವಾಗ ವೈರುಗಳನ್ನು ನಡುವಿನಲ್ಲೇ ಕತ್ತರಿಸಿದ್ದರು. ಇವರು ಒಂದೊಂದೇ ವೈರ್ ಜೋಡಿಸಿ ಟೇಪ್ ಸುತ್ತಿದ್ದರು. ಮಳೆಯಲ್ಲಿ ನಿಂತರೆ ಒಂದು ವಾರ್ನಿಂಗ್ ಲೈಟ್, ಬಿಸಿಲಲ್ಲಿ ಇನ್ನೊಂದು ಲೈಟ್.

ಡೀಸೆಲ್ ಟ್ಯಾಂಕ್ ಹಳೆಯದೇ ಉಳಿಸಿದ್ದರು. ಅದರ ತಳದಲ್ಲಿ ವರ್ಷಾನುಗಟ್ಟಲೆ ಕೂತ ತುಕ್ಕು. ಹಳೆ ಪಂಪ್ ಅದನ್ನು ಹೇಗೋ ಸಹಿಸಿಕೊಂಡಿತ್ತು, ಕಾಮನ್ ರೇಲ್ ಇಂಜೆಕ್ಟರ್ ಸಹಿಸುವುದಿಲ್ಲ. ಅದರ ತೂತುಗಳು ಅಷ್ಟು ಸಣ್ಣ, ಒತ್ತಡ ಸಾವಿರ ಬಾರ್ ದಾಟುತ್ತದೆ. ಫಿಲ್ಟರ್ ಕಟ್ಟಿಕೊಂಡು ಅಂಕೋಲಾ ಕಡೆಯಿಂದ ಯಲ್ಲಾಪುರಕ್ಕೆ ಬರುವಾಗ ಅರಬೈಲ್ ಘಾಟಿನ ಏರಿನಲ್ಲಿ ಇಂಜಿನ್ ಲಿಂಪ್ ಮೋಡ್‌ಗೆ ಹೋಯಿತು, ಅಂದರೆ ಇಸಿಯು ತಾನಾಗೇ ಶಕ್ತಿ ಕಡಿಮೆ ಮಾಡಿತು. ಹಿಂದೆ ಲಾರಿಗಳ ಸಾಲು. 120 ಎಚ್‌ಪಿ ಇಟ್ಟುಕೊಂಡು ಮತ್ತೆ ಅದೇ ಹಾರ್ನ್ ಕೇಳಿದೆ! ಸ್ಕ್ಯಾನರ್ ಹಾಕಿಸಲು ಸರ್ವಿಸ್ ಸೆಂಟರಿಗೆ ಹೋದರೆ, ಚಾಸಿ ನಂಬರ್ ಕೇಳಿ, ಜೀಪ್ ನೋಡಿ, "ಇದು ನಮ್ಮ ಕಡೆ ಆಗಲ್ಲ ಸರ್" ಅಂದುಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಬ್ರೇಕನ್ನು ಗ್ಯಾರೇಜಿನವರು ಮುಟ್ಟಿರಲೇ ಇಲ್ಲ. ನಾಲ್ಕೂ ಡ್ರಮ್, ಪೆಡಲ್ ಒತ್ತುವ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲ. ಡೀಸೆಲ್ ಇಂಜಿನ್‌ನಲ್ಲಿ ಬೂಸ್ಟರ್ ಕೆಲಸ ಮಾಡಬೇಕಾದರೆ ವ್ಯಾಕ್ಯೂಮ್ ಪಂಪ್ ಬೇಕು, ಆ ಪಂಪ್ ಹೊಸ ಇಂಜಿನ್ ಜೊತೆಗೇ ಬಂದಿತ್ತು. ಬ್ರೇಕಿಗೆ ಹೋಗಬೇಕಾದ ಪೈಪಿಗೆ ಒಂದು ಬೋಲ್ಟ್ ತುರುಕಿ ಬಾಯಿ ಮುಚ್ಚಿದ್ದರು. ಬೈಪಾಸಿನಲ್ಲಿ ಗಾಡಿ ಕ್ಷಣದಲ್ಲಿ ಸ್ಪೀಡ್ ಹಿಡಿಯುತ್ತಿತ್ತು, ನಿಲ್ಲಿಸಬೇಕಾದರೆ ಮಾತ್ರ ಪೆಡಲ್ ಮೇಲೆ ಎದ್ದು ನಿಲ್ಲಬೇಕು. ಕೆಟ್ಟದ್ದು ಬಹಳ ಇತ್ತು ಇದರಲ್ಲಿ, ಆದರೆ ಜೀವ ತೆಗೆಯುವಂಥದ್ದು ಇದೊಂದೇ.

ಇನ್ನು ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಮಾಲೀಕರು ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸದಾಗಿ ಬರೆದ 182ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. "ಆರ್‌ಟಿಓದಾಗ ನಮ್ಮವರು ಅದಾರ" ಅಂತ ಗ್ಯಾರೇಜಿನವರು ಹೇಳಿದ್ದರು. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಇರುತ್ತದಲ್ಲ, ಅಲ್ಲಿ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿದರು, ಇಂಜಿನ್ ನಂಬರ್ ನೋಡಿದರು, ಆರ್‌ಸಿ ವಾಪಸ್ ಕೈಗೆ ಕೊಟ್ಟರು. ಆ 'ನಮ್ಮವರು' ಯಾರೋ ಇವತ್ತಿಗೂ ಸಿಕ್ಕಿಲ್ಲ. ಇನ್ಶೂರೆನ್ಸ್ ಕೂಡ ಹಾಗೇ. ಹೇಳದೆ ಇಂಜಿನ್ ಬದಲಿಸಿದ ಗಾಡಿ ಅಪಘಾತ ಮಾಡಿದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಇದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ.

ಗುಜರಿ ಇಂಜಿನ್‌ಗೆ ಬಿಲ್ ಕೇಳಿ, ಆ ಗಾಡಿಯ ಆರ್‌ಸಿ ರದ್ದಾದ ಪತ್ರ ಕೇಳಿ. ಕೊಡದಿದ್ದರೆ ಅದು ಕಳವಿನ ಗಾಡಿಯದ್ದೂ ಇರಬಹುದು. ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ಹಳೆ ಇಂಜಿನ್ನೇ ಬಿಚ್ಚಿಸಿ ಪೂರ್ತಿ ಕೆಲಸ ಮಾಡಿಸಿ, ಪಂಪ್ ಮತ್ತು ನಾಝಲ್ ಕ್ಯಾಲಿಬ್ರೇಶನ್ ಮಾಡಿಸಿ. ಏರಿನಲ್ಲಿ ಲಾರಿಯವನು ಹಾರ್ನ್ ಹೊಡೆದರೆ ಹೊಡೆಯಲಿ, ದಾರಿ ಬಿಡಿ. ಅದೂ ಸಾಲದಿದ್ದರೆ ಮೊದಲು ಆರ್‌ಟಿಓಗೆ ಹೋಗಿ ಲಿಖಿತವಾಗಿ ಕೇಳಿ, ಆಮೇಲೆ ಸ್ಪ್ಯಾನರ್ ಮುಟ್ಟಲು ಬಿಡಿ.

ಹಳೆ ಇಂಜಿನನ್ನು ಮಾತ್ರ ಯಾವ ಕಾರಣಕ್ಕೂ 'ಎಕ್ಸ್‌ಚೇಂಜ್' ಅಂತ ಗ್ಯಾರೇಜಿನಲ್ಲಿ ಬಿಡಬೇಡಿ. ಆರ್‌ಸಿಯಲ್ಲಿರುವ ನಂಬರ್ ಅದರದ್ದು, ಅದು ಕೈಯಲ್ಲಿದ್ದರೆ ವಾಪಸ್ ಹಾಕಿಸಿ ಗಾಡಿಯನ್ನು ಸರಿಯಾದ ಕಾಗದಕ್ಕೆ ತರಬಹುದು. ನನ್ನದನ್ನು ನನಗೆ ಹೇಳದೇ ಮಾರಿದ್ದಾರೆ. ಯಾರಿಗೆ ಅಂತ ಕೇಳಿದರೆ ಒಮ್ಮೆ ಗದಗ, ಒಮ್ಮೆ ರಾಣೆಬೆನ್ನೂರು ಅನ್ನುತ್ತಾರೆ. ಆ ಕಡೆ ಯಾರಾದರೂ ಇತ್ತೀಚೆಗೆ ಬಿಲ್ ಇಲ್ಲದೆ ಪ್ಯೂಜೋ ಇಂಜಿನ್ ಕೊಂಡಿದ್ದರೆ ತಿಳಿಸಿ. ನಂಬರ್ ನನ್ನದೇ ಆಗಿದ್ದರೆ ಕೊಟ್ಟ ಬೆಲೆ ಕೊಟ್ಟು ಒಯ್ಯುತ್ತೇನೆ.