ಒಗರು ಸೊಪ್ಪೋ, ಬೈಪಾಸ್ ಹಿಂಡಿಯೋ?

ದುಬಾರಿ ಕಡಲೆಕಾಯಿ ಹಿಂಡಿ ಹಾಕುತ್ತೀರಿ. ಅದರ ಪ್ರೋಟೀನಿನಲ್ಲಿ ಬಹುಪಾಲು ಹಸುವಿನ ಮೊದಲ ಹೊಟ್ಟೆಯಲ್ಲೇ ಒಡೆದು ಅಮೋನಿಯ ಆಗುತ್ತದೆ. ಮಿಕ್ಕಿದ ಅಮೋನಿಯ ಕೊನೆಗೆ ಗಂಜಲದ ಪಾಲು. ಇದನ್ನು ತಡೆಯಲು ಎರಡು ದಾರಿ ನೋಡೋಣ.

ಒಂದು ಬೈಪಾಸ್ ಹಿಂಡಿ, ಅಂದರೆ ಪ್ರೋಟೀನ್ ಮೊದಲ ಹೊಟ್ಟೆಯಲ್ಲಿ ಒಡೆಯದೆ ಮುಂದೆ ದಾಟುವಂತೆ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಸಂಸ್ಕರಿಸಿದ ಹಿಂಡಿ. ಇದರಲ್ಲಿ ಅಳತೆ ಪಕ್ಕಾ. ಚೀಲ ತಂದು ಹಾಕಿದರಾಯ್ತು. ಮನೆಯಲ್ಲಿ ಮಾಡುವ ಸಾಹಸ ಮಾತ್ರ ಬೇಡ, ಕಣ್ಣು ಮೂಗು ಉರಿಯುತ್ತದೆ. ಅಳತೆ ಜಾಸ್ತಿಯಾದರೆ ಪ್ರೋಟೀನ್ ಜೀರ್ಣವಾಗದೆ ಸಗಣಿಗೆ ಹೋಗುತ್ತದೆ.

ಇನ್ನೊಂದು ಟ್ಯಾನಿನ್ ಎಂಬ ಒಗರು ಅಂಶ ಇರುವ ಸೊಪ್ಪು: ಹಲಸು, ಸೀಬೆ, ಜಾಲಿ. ಒಂದು ಸೀಬೆ ಎಲೆ ಜಗಿದು ನೋಡಿ. ನಾಲಿಗೆ ಬಿಗಿದಂತಾಗುತ್ತದೆ, ಅಲ್ವಾ? ಎಂಜಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಂಡಿದ್ದು ಅದು. ಹಸುವಿನ ಮೊದಲ ಹೊಟ್ಟೆಯಲ್ಲೂ ಹೀಗೇ ಹಿಡಿಯುತ್ತದೆ. ನಾಲ್ಕನೇ ಹೊಟ್ಟೆಯ ಹುಳಿಯಲ್ಲಿ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಇಳಿದಾಗ, ಹಿಡಿತ ಬಿಡುತ್ತದೆ. ಖರ್ಚಿಲ್ಲ, ಆದರೆ ಅಳತೆಯೂ ಇಲ್ಲ. ಒಣ ಮೇವಿನ ಲೆಕ್ಕದಲ್ಲಿ ಟ್ಯಾನಿನ್ ಶೇ 2ರಿಂದ 4 ಇದ್ದರೆ ಸಾಕು. 5 ದಾಟಿದರೆ ದನ ಮೇವಿಗೆ ಮೂತಿ ತಿರುಗಿಸುತ್ತದೆ.

ದಿನಕ್ಕೆ 10 ಲೀಟರ್ ಮೀರಿ ಕರೆಯುವ ಹಸುವಿಗೆ ನಾನು ಚೀಲವನ್ನೇ ಆರಿಸುತ್ತೇನೆ. ಆಡಿಗೆ ಸೊಪ್ಪು. ಮೂರು ಲೀಟರಿನ ಹಸುವಿಗೆ ಸುಮ್ನೆ ಬೈಪಾಸ್ ಖರ್ಚು ಯಾಕೆ? ಹಸಿರು ಮೇವು ಹೆಚ್ಚಿಸಿ.