ಅಜ್ಜಿಯ ಫೋಟೊ, ಜಿಂಪ್‌ನ ಎರಡು ಮೆನು

ಅಜ್ಜಿಯ ಹಳೆಯ ಫೋಟೊ ದೊಡ್ಡದು ಮಾಡಿ ಫ್ರೇಮ್ ಹಾಕಿಸಬೇಕಿತ್ತು. ನನ್ನ ಹತ್ತಿರ ಇದ್ದದ್ದು ಮೆಸೇಜಿನಲ್ಲಿ ಬಂದ ಫೈಲ್, 600 x 800 ಪಿಕ್ಸೆಲ್ (ಚಿತ್ರದ ಚುಕ್ಕಿ). ಪ್ರಿಂಟ್ ಮಾಡುವವರು 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕಿ ಬೇಕು ಅಂದರು. ಫೋನಿನ ಒಂದು ಆ್ಯಪ್‌ನಲ್ಲಿ 72 ಇದ್ದದ್ದನ್ನು 300 ಮಾಡಿ ಕೊಟ್ಟೆ. 6 x 8 ಇಂಚಿನ ಪ್ರಿಂಟ್ ಬಂತು. ಅಜ್ಜಿಯ ಕೆನ್ನೆಯ ಮಚ್ಚೆ ಹುಡುಕಿದರೂ ಕಾಣಲಿಲ್ಲ, ಅಲ್ಲಿ ಬರೀ ಮಸುಕು. ತುಂಬಾ ಬೇಜಾರಾಯಿತು.

ತಪ್ಪು ಎಲ್ಲಿತ್ತು ಅಂತ ತಿಳಿದದ್ದು ಜಿಂಪ್ ಹಾಕಿಕೊಂಡ ಮೇಲೆ. ಇದು ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್. ಇದರ ಇಮೇಜ್ ಮೆನುವಿನಲ್ಲಿ 'ಪ್ರಿಂಟ್ ಸೈಜ್' ಬೇರೆ, 'ಸ್ಕೇಲ್ ಇಮೇಜ್' ಬೇರೆ. ನನಗೆ ಅತಿ ಇಷ್ಟವಾದದ್ದು ಇದೇ. ಪ್ರಿಂಟ್ ಸೈಜ್‌ನಲ್ಲಿ 72 ತೆಗೆದು 300 ಹಾಕಿದೆ. ಅಗಲ ಎಂಟು ಚಿಲ್ಲರೆ ಇಂಚಿನಿಂದ ಸೀದಾ 2 ಇಂಚಿಗೆ ಇಳಿಯಿತು. ಪಿಕ್ಸೆಲ್ ಮಾತ್ರ ಅದೇ 600! ಅಂದರೆ ನಾನು ಆವತ್ತು ಬದಲಿಸಿದ್ದು ಸುಮ್ನೆ ಒಂದು ಸಂಖ್ಯೆ. ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಕೂರಿಸಬೇಕು ಅನ್ನುವ ಸೂಚನೆ ಅಷ್ಟೇ. ಚುಕ್ಕಿ ಹೆಚ್ಚಾಗಿರಲಿಲ್ಲ.

ಸ್ಕೇಲ್ ಇಮೇಜ್ ನಿಜವಾಗಿ ಚುಕ್ಕಿಗಳ ಲೆಕ್ಕವನ್ನೇ ಬದಲಿಸುತ್ತದೆ. 600 ಅನ್ನು 1800 ಮಾಡಿ ನೋಡಿದೆ. ಹೊಸ ಚುಕ್ಕಿ ತುಂಬುವ ವಿಧಾನಗಳಲ್ಲಿ ಕ್ಯೂಬಿಕ್, ನೋಹಾಲೋ ಎರಡೂ ಹಾಕಿದೆ. ಅಂಚುಗಳು ನಯವಾದವು, ಮಚ್ಚೆ ಬರಲಿಲ್ಲ. ಅಕ್ಕಪಕ್ಕದ ಬಣ್ಣ ನೋಡಿ ನಡುವೆ ತುಂಬುವುದಷ್ಟೇ ಅದರ ಕೆಲಸ, ಫೈಲ್‌ನಲ್ಲಿ ಇಲ್ಲದ್ದನ್ನು ಎಲ್ಲಿಂದ ತಂದೀತು?

ಕೊನೆಗೆ ದೊಡ್ಡಮ್ಮನ ಆಲ್ಬಮ್‌ನಿಂದ 3 x 4 ಇಂಚಿನ ಮೂಲ ಫೋಟೊವನ್ನೇ ತಂದು 600 ಡಿಪಿಐಗೆ ಸ್ಕ್ಯಾನ್ ಮಾಡಿದೆ. 1800 x 2400 ಪಿಕ್ಸೆಲ್ ಸಿಕ್ಕಿತು. ಪ್ರಿಂಟ್ ಸೈಜ್‌ನಲ್ಲಿ 300 ಹಾಕಿದರೆ ಸರಿಯಾಗಿ 6 x 8 ಇಂಚು. ಈಗ ಮಚ್ಚೆ ಇದೆ, ಅದರ ಪಕ್ಕ ಹಾರಿ ಬಂದ ಒಂದು ಎಳೆ ಕೂದಲೂ ಇದೆ.

ಹೊಸಬರಿಗೆ ಎರಡು ಮಾತು. ಅಗಲ, ಎತ್ತರದ ಪಕ್ಕದ ಸರಪಳಿ ಚಿಹ್ನೆ ಕೂಡಿಕೊಂಡೇ ಇರಲಿ, ಬಿಚ್ಚಿದರೆ ಮುಖ ಎಳೆದ ಹಾಗೆ ಆಗುತ್ತದೆ. 'ಸೇವ್' ಒತ್ತಿದರೆ ಜಿಂಪ್‌ನದೇ ಎಕ್ಸ್‌ಸಿಎಫ್ ಫೈಲ್ ಬರುತ್ತದೆ. ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್'ಗೆ ಹೋಗಬೇಕು. ಮೊದಮೊದಲು ಇದು ಕಿರಿಕಿರಿ ಅನ್ನಿಸುತ್ತದೆ. ಆದರೆ ಚಿಕ್ಕದು ಮಾಡಿದ ಫೋಟೊಗೆ ಅಲ್ಲೇ ಬೇರೆ ಹೆಸರು ಕೊಟ್ಟುಬಿಡಬಹುದು, ಮೂಲ ಹಾಗೇ ಉಳಿಯುತ್ತದೆ ಅಲ್ವಾ.